ಭಾವನ ನಾಲ್ಕು ಗಾಲಿ

ಅಕ್ಕನ ಗಂಡನಿಗೆ ಅಥಣಿಯಲ್ಲಿ ದ್ರಾಕ್ಷಿ ತೋಟವಿದೆ. ಬುದ್ಧಿ ಎಲ್ಲಿದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಹೋದ ವರ್ಷ ಒಂದು ಎತ್ತರದ ಎಸ್‌ಯುವಿ ಕೊಂಡ. ಎರಡು ಗಾಲಿ ಎಳೆಯಬೇಕೋ ನಾಲ್ಕೂ ಎಳೆಯಬೇಕೋ ಎಂದು ಆರಿಸಲು ಅದರಲ್ಲೊಂದು ನಾಬ್ ಇತ್ತು. ನಾಲ್ಕಕ್ಕೆ ತಿರುಗಿಸಿದರೆ ಮುಂದೆ ಹಸಿರು ದೀಪ ಹತ್ತುತ್ತದೆ. ಆ ದೀಪದ ಚಂದಕ್ಕಾಗಿಯೇ ಈತ ಒಣ ಡಾಂಬರಿನ ಮೇಲೂ ನಾಲ್ಕರಲ್ಲೇ ಮೆರೆಯುತ್ತಿದ್ದ.

ಸದಲಗಾದ ಹತ್ತಿರ ಚಿಕ್ಕಮ್ಮ ತೋಟದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅವಳ ಮನೆಯ ಊಟಕ್ಕೆ ನಾವು ಮೂವರು ಹೊರಟೆವು. ಚಿಕ್ಕೋಡಿಯ ಒಂದು ತಿರುವಿನಲ್ಲಿ, ಯಾರೋ ಕೆಳಗಿನಿಂದ ಹಿಡಿದಂತೆ, ಗಾಡಿ ಜಗ್ಗಿ ಜಗ್ಗಿ ಹೊರಳಿತು.

"ಒಣ ರಸ್ತಾದಾಗ ಫೋರ್ ಹಾಕಬ್ಯಾಡ್ರಿ, ಗಾಡಿ ಹಾಳಾಗತೈತಿ," ಅಂದಳು ಅಕ್ಕ. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು ಅವಳು. ಈ ಗಾಡಿಯ ಸ್ಟೇರಿಂಗ್ ಮುಟ್ಟಲು ಮಾತ್ರ ಅಪ್ಪಣೆಯಿರಲಿಲ್ಲ.

"ನಿನಗೇನ್ ತಿಳಿತೈತಿ ಬೇ? ನಾಕ ಗಾಲಿ ಅದಾವು, ನಾಕೂ ಎಳೀಲಿ."

ಹಿಂದಿನ ದಿನ ಮಳೆಯಾಗಿ, ಕಬ್ಬಿನ ನಡುವಿನ ಎರೆಮಣ್ಣಿನ ದಾರಿ ಬರೀ ರಾಡಿಯಾಗಿತ್ತು. ಆಚೆ ಹೊಸ ಮನೆಯ ಕಟ್ಟೆಯ ಮೇಲೆ ಊಟಕ್ಕೆ ಬಂದ ಚಿಕ್ಕಮ್ಮನ ಬೀಗರು ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದರು. ಆಗ ಈ ಪುಣ್ಯಾತ್ಮ ನಾಬ್ ತಿರುಗಿಸಿ ಎರಡಕ್ಕೆ ತಂದ!

"ಇಷ್ಟ ರಾಡಿಗೆ ಫೋರ್ ಯಾಕ? ಡ್ರೈವರ್ ಗಟ್ಟಿ ಇದ್ರ ಟೂ ಸಾಕ."

ನಾಲ್ಕು ಮಾರು ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧ ಹೂತವು. ಗಟ್ಟಿ ಡ್ರೈವರ್ ಇನ್ನೂ ಒತ್ತಿದ. ಕೆಸರು ಕಿಟಕಿಗಳಿಗೆ ಬಡಿಯಿತು, ಸಹಾಯಕ್ಕೆ ಬಂದ ಬೀಗರ ಬಿಳಿ ಧೋತರಕ್ಕೂ ಬಡಿಯಿತು.

"ಟ್ರ್ಯಾಕ್ಟರ್ ತರಸ್ರಿ," ಎಂದು ಹುಕುಂ ಕೊಟ್ಟ.

"ಇಳೀರಿ," ಅಂದಳು ಅಕ್ಕ.

ಅವನು ನಕ್ಕ.

"ಇಳೀರಿ ಅಂದ್ನಿ."

ಅಷ್ಟು ಜನರ ಎದುರಿಗೆ ಹೆಂಡತಿಯೊಂದಿಗೆ ಜಗಳ ಮಾಡುವ ಧೈರ್ಯವೂ ಇಲ್ಲದವನು ಇಳಿದ, ಮೊಣಕಾಲವರೆಗೆ ಹೂತ. ಅಕ್ಕ ಒಳಗಿಂದಲೇ ಆ ಕಡೆ ಸರಿದು ಸೀರೆ ಸಿಕ್ಕಿಸಿಕೊಂಡಳು. ನಾಬ್ ತಿರುಗಿಸಿ ನಾಲ್ಕೂ ಗಾಲಿಗೆ ಬಲ ಕೊಟ್ಟಳು. ಸ್ಟೇರಿಂಗ್ ನೆಟ್ಟಗೆ ಹಿಡಿದು, ಅಬ್ಬರ ಮಾಡದೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿದಳು. ಮಡುವಿನಿಂದ ಎಮ್ಮೆ ಎದ್ದ ಹಾಗೆ ಗಾಡಿ ಎದ್ದು ಬಂತು. ನಾನು ಹಿಂದಿನ ಸೀಟಿನಲ್ಲಿ ಜೋರಾಗಿಯೇ ಚಪ್ಪಾಳೆ ತಟ್ಟಿದೆ.

ಊಟದಲ್ಲಿ ಹೋಳಿಗೆ ಮುರಿಯುತ್ತ ಭಾವ ಬೀಗರಿಗೆ ಹೇಳುತ್ತಿದ್ದ: "ಗಾಡಿ ಅಂದ್ರ ಇದು ನೋಡ್ರಿ! ಹೆಣಮಕ್ಕಳ ಕುಂತ್ರೂ ಎದ್ದ ಬರತೈತಿ." ಧೋತರ ಕೆಡಿಸಿಕೊಂಡವರೂ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿದರು. ಅಂಥವರ ಗೌರವ ಗಳಿಸಲು ಅಂಥವನೇ ಬೇಕು.

ಹೊರಡುವಾಗ ಅಕ್ಕ ಯಾರನ್ನೂ ಕೇಳದೆ ಸ್ಟೇರಿಂಗ್ ಮುಂದೆ ಕೂತಳು. ಭಾವ ಬಾಗಿಲ ಬಳಿ ನಿಂತು ನೋಡಿದ, ಆಮೇಲೆ ಸುತ್ತು ಹಾಕಿ ಆ ಕಡೆಯಿಂದ ಹತ್ತಿದ. ಡಾಂಬರು ಸಿಕ್ಕ ಕೂಡಲೇ ಅವಳು ಎರಡು ಗಾಲಿಗೆ ತಂದಳು.

"ನನಗ ನಿದ್ದಿ ಬಂದೈತಿ," ಎಂದು ಅವನು ಕಣ್ಣು ಮುಚ್ಚಿದ. ಅಥಣಿ ಬರುವವರೆಗೂ ತೆರೆಯಲಿಲ್ಲ. ನಿದ್ದೆಯೇನೂ ಇರಲಿಲ್ಲ, ಅಕ್ಕ ಬ್ರೇಕ್ ಹಿಡಿದಾಗಲೆಲ್ಲ ಅವನ ಬಲಗಾಲೂ ಬರಿ ನೆಲವನ್ನು ಒತ್ತುತ್ತಿತ್ತು.