ಎರಡು ಬೆರಳಗಲದ ಮರದ ತುಂಡು

ಬೆಳಗಿನ ಆರೂವರೆ. ಅಕ್ಕನ ಹಲ್ಲಿನ ನಡುವೆ ರಿಬ್ಬನ್, ಮುಂದೆ ಮಗಳ ತಲೆ. ಬಲಗಡೆಯ ಜಡೆ ಮುಗಿದಿದೆ. ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದಿರುವಾಗಲೇ ಯಾರೋ ಬಾಗಿಲು ಬಡಿಯುತ್ತಾರೆ. "ಅಲ್ಲಾಡಬೇಡ, ಹಿಡ್ಕೊಂಡಿರು" ಎಂದು ಮೂರೂ ಎಳೆಗಳನ್ನು ಮಗಳ ಕೈಗೇ ಕೊಟ್ಟು ಅಕ್ಕ ಏಳುತ್ತಾರೆ. ಒಂಬತ್ತು ವರ್ಷದ ಗುಬ್ಬಿ ಅರ್ಧ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆಯೇ ಬರುತ್ತಾಳೆ. ಅಲ್ಲಾಡಬೇಡ ಎಂದರೆ ನಡೆಯಬೇಡ ಎಂದು ಅರ್ಥವಲ್ಲ ಎಂಬುದು ಅವಳ ವಾದ.

ಬಾಗಿಲಲ್ಲಿ ಹಣ್ಣಿನ ತೋಟದ ಯಜಮಾನರು. ಕಂಕುಳಲ್ಲಿ ಹಳೆಯ ಕಂಬಳಿ ಸುತ್ತಿದ ಕೋವಿ.

"ಮೊಮ್ಮಗನಿಗೆ ಹತ್ತು ತುಂಬ್ತಮ್ಮ. ಇದು ಅವನ ಕೈಗೆ ಉದ್ದ ಆಗುತ್ತೆ. ಹಿಂದಿನಿಂದ ಒಂದೆರಡು ಬೆರಳು ಕೊಯ್ದು ಕೊಡು."

"ಆಗಲ್ಲ ದೊಡ್ಡಪ್ಪ. ಬಿರುಕು ಬಿಟ್ಟಿದ್ರೆ ಕೊಡಿ, ಸರಿ ಮಾಡ್ತೀನಿ. ಮಕ್ಕಳ ಕೈಗೆ ಅಂತ ಕೊಯ್ಯಲ್ಲ."

"ಅಲ್ಲಮ್ಮ, ಮರ ತಾನೇ ಕೊಯ್ಯೋಕೆ ಹೇಳಿದ್ದು? ನಿನ್ನ ಮೂಗಲ್ಲವಲ್ಲ!"

ಅಕ್ಕ ನಗುವುದಿಲ್ಲ. ಕಿಟಕಿಯ ರೆಕ್ಕೆ ಮುಚ್ಚಿಕೊಳ್ಳದಂತೆ ಸಿಕ್ಕಿಸಿದ್ದ ಮರದ ತುಂಡನ್ನು ಎಳೆದು ಅವರ ಅಂಗೈಗೆ ಇಡುತ್ತಾರೆ. ಕಿಟಕಿ ದಡಾರನೆ ಮುಚ್ಚಿಕೊಳ್ಳುತ್ತದೆ. ಎರಡು ಬೆರಳಗಲದ ತುಂಡು, ಮೂವತ್ತೊಂದು ವರ್ಷ ಕೈಯಾಡಿ ಕರಿದಾಗಿದೆ. ಯಜಮಾನರು ಅದನ್ನು ತಿರುಗಿಸಿ ನೋಡುತ್ತಾರೆ. ಗುರುತು ಸಿಕ್ಕಿದಂತಿದೆ. "ಇನ್ನೂ ಇಟ್ಕೊಂಡಿದೀಯಾ" ಎನ್ನುವಾಗ ದನಿ ತಗ್ಗುತ್ತದೆ. ಆದರೂ ಮೆಟ್ಟಿಲಿಳಿಯುತ್ತಾ ಒಂದು ಕುಟುಕು: "ಕಾಡುಹಂದಿ ಬಂದು ತೋಟ ಅಗೆದು ಹಾಕಿದ್ರೆ ನಿನ್ನ ಈ ತುಂಡು ಎಸೀಬೇಕಾ ನಾನು?"

"ಕೋವೀಲೇ ಹೊಡೀರಿ ದೊಡ್ಡಪ್ಪ. ನಿಮ್ಮ ಕೈಗೆ ಅಳತೆ ಸರಿಯಾಗೇ ಇದೆ. ನಮ್ಮಪ್ಪ ಮಾಡಿದ್ದಲ್ವಾ."

ಊರಿಗೆಲ್ಲ ಅವರು 'ಕೋವಿಮರದ ಅಕ್ಕ'. ನಳಿಗೆ, ಬೆರಳಿಂದ ಎಳೆಯುವ ಕುದುರೆ, ಮದ್ದು ಇವರ ಪಾಲಿನವಲ್ಲ. ಕೋವಿಯಲ್ಲಿ ಹೆಗಲಿಗೆ ಒತ್ತಿಕೊಳ್ಳುವ, ಕೆನ್ನೆ ತಾಗುವ ಮರದ ಭಾಗವಷ್ಟೇ ಇವರ ಕೆಲಸ. ದರ್ಜಿ ಅಂಗಿಗೆ ಅಳತೆ ತೆಗೆದಂತೆ ಇಲ್ಲಿ ತೋಳಿಗೆ ಅಳತೆ ತೆಗೆಯಬೇಕು: ಮೊಣಕೈಯ ಮಡಿಕೆಯಿಂದ ತೋರುಬೆರಳಿನ ಮೊದಲ ಗಿಣ್ಣಿನವರೆಗೆ. ಅರ್ಧ ಬೆರಳು ತಪ್ಪಿದರೂ ಹೆಗಲು ಕೆಂಪಾಗುತ್ತದೆ.

ಅಪ್ಪನ ಕಾಲದ ಅಳತೆಪುಸ್ತಕ ಈಗಲೂ ಮೇಜಿನ ಖಾನೆಯಲ್ಲಿದೆ. ನಾನೂರಕ್ಕೂ ಹೆಚ್ಚು ತೋಳುಗಳು. ಹೆಸರಿಲ್ಲ, ಗುರುತು ಮಾತ್ರ: 'ಅಂಚೆಯವರು, ಎಡಗೈ', 'ಬೇಕರಿ ದಪ್ಪ', 'ಮೇಷ್ಟ್ರ ಅಳಿಯ, ಬಾಗಿದ ಬೆರಳು'. "ಅಪ್ಪನಿಗೆ ಮುಖ ನೆನಪಿರ್ತಿರಲಿಲ್ಲ" ಎಂದು ಅಕ್ಕ ನೆನೆಯುತ್ತಾರೆ. "ಮದುವೆ ಮನೇಲಿ ಯಾರಾದ್ರೂ ಮಾತಾಡಿಸಿದ್ರೆ ಪೆಚ್ಚಾಗಿ ನಿಂತ್ಕೊಳ್ಳೋರು. ಆ ಮನುಷ್ಯ ತೋಳು ಮಡಿಸಿದ ಅನ್ನಿ, 'ಓ, ಹದಿಮೂರೂಮುಕ್ಕಾಲು ಇಂಚು! ಚೆನ್ನಾಗಿದೀರಾ?' ಅಂತಿದ್ರು."

ಆ ದಿನಗಳ ಮಾತೆತ್ತಿದರೆ ಅಕ್ಕನ ಕೈ ತಾನಾಗಿ ನಿಧಾನವಾಗುತ್ತದೆ. ಶಾಲೆ ಬಿಟ್ಟೊಡನೆ ಚೀಲ ಎಸೆದು ಅಂಗಡಿಗೆ ಓಡುತ್ತಿದ್ದದ್ದು, ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಬಿದ್ದ ಹೊಟ್ಟನ್ನು ಕಿವಿಗೆ ಓಲೆಯಂತೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಅಗಸೆ ಎಣ್ಣೆಯ ವಾಸನೆಯ ಅಪ್ಪನ ಅಂಗಿ. ಅಪ್ಪ ಮರಕ್ಕೆ ಎಣ್ಣೆಯನ್ನು ಬಟ್ಟೆಯಲ್ಲಿ ಹಚ್ಚುತ್ತಿರಲಿಲ್ಲ. ಅಂಗೈಯಲ್ಲೇ ತಿಕ್ಕಿ, ಶಾಖ ಹುಟ್ಟಿಸಿ ಇಳಿಸಬೇಕು. ಹನ್ನೆರಡು ಸಲ, ಸಲಕ್ಕೊಂದು ದಿನ ಆರಲು. "ಕೂಸಿಗೆ ಎಣ್ಣೆ ಹಚ್ಚೋ ಹಾಗೆ ಹಚ್ಚು ಅನ್ನೋರು. ಗುಬ್ಬಿ ಹುಟ್ಟಿದಾಗ ನಂಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ ನೋಡಿ."

ಆಗ ತಿಂಗಳಿಗೆ ಎಂಟು ಹತ್ತು ಕೋವಿ ಬರುತ್ತಿದ್ದವು. ಈಗ ಎರಡು ಬಂದರೆ ಹೆಚ್ಚು. ಉಳಿದಂತೆ ಕುಂಟುವ ಸ್ಟೂಲು, ಸುತ್ತಿಗೆಯ ಕಾವು, ಕುರ್ಚಿಯ ಕೈ. ಬೆಳಗ್ಗೆ ಐದಕ್ಕೆ ಒಲೆ, ಏಳೂವರೆಗೆ ಮಗಳು ಶಾಲೆಗೆ, ಎಂಟರಿಂದ ಗರಗಸ. ಹಾಲು ಉಕ್ಕಿತೇ ಎಂದು ನೋಡಲು ಉಳಿ ಹಿಡಿದೇ ಓಡುವುದುಂಟು. ಗಂಡ ರೈಲ್ವೆ ಕೆಲಸದವರು, ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ. "ಮನೇಲಿ ಅನ್ನದಲ್ಲೂ ಮರದ ಹೊಟ್ಟು" ಎಂಬುದು ಅವರ ಹಳೆಯ ದೂರು. ಹೇಳುತ್ತಾ ಹೇಳುತ್ತಾ ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಇನ್ನು ಆ ತುಂಡು. ಅಕ್ಕನಿಗಾಗ ಹನ್ನೊಂದು. ಬೇಕರಿಯವರು ಹನ್ನೆರಡರ ಮಗನನ್ನು ಕರೆತಂದು, ಕೋವಿಯನ್ನು ಅವನ ಕೈಗೆ ಒಗ್ಗಿಸಿಕೊಡಿ ಎಂದರು. ಯಾರಿಗೂ ತಪ್ಪೆನಿಸಲಿಲ್ಲ. ಮಕ್ಕಳಿಗೆ ಚಿಕ್ಕ ಚಪ್ಪಲಿ ಹೊಲಿಸುವಂತೆ ಅದೂ ಒಂದು. ಅಪ್ಪನ ಕೈಗೆ ಅಂಟು ಮೆತ್ತಿತ್ತು. "ನೀನೇ ಅಳತೆ ಹಾಕು ಮಗಳೇ, ನೋಡೋಣ" ಎಂದರು. ಮೊದಲ ಸಲ! ಅವಳು ಹುಡುಗನ ತೋಳಿಗೆ ಟೇಪು ಹಿಡಿದಳು, ಗೆರೆ ಎಳೆದಳು. ಕೊಯ್ದು ತೆಗೆಯುವ ಭಾಗಕ್ಕೆ ಬಡಗಿಗಳು ಹಾಕುವ, ಎರಡು ಗೆರೆ ಅಡ್ಡ ಹಾಯುವ ಕತ್ತರಿ ಗುರುತು ಹಾಕಿ, ತನ್ನದೆಂದು ತಿಳಿಯಲೆಂದು ನಡುವೆ ಪೆನ್ಸಿಲ್ ಒತ್ತಿ ಒಂದು ಚುಕ್ಕೆ ಇಟ್ಟಳು. ಅಪ್ಪ ಕೊಯ್ದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೆನ್ನು ತಟ್ಟಿದರು.

ಹದಿನೇಳನೆಯ ದಿನ ಆ ಹುಡುಗ ಅಡುಗೆಮನೆಯಲ್ಲಿ ಕೋವಿ ಎತ್ತಿ ತಂಗಿಗೆ ತೋರಿಸುತ್ತಿದ್ದ. ಒಳಗೆ ಗುಂಡಿದ್ದದ್ದು ಗೊತ್ತಿರಲಿಲ್ಲ. ಆ ತಂಗಿ ಶಾಲೆಯಲ್ಲಿ ಅಕ್ಕನ ಪಕ್ಕದ ಜಾಗದವಳು. ವರ್ಷವಿಡೀ ಆ ಜಾಗ ಖಾಲಿಯಿತ್ತು.

ಅಪ್ಪ ಕಸದ ರಾಶಿಯಿಂದ ಆ ತುಂಡನ್ನು ಹುಡುಕಿ ತೆಗೆದರು. ಆಮೇಲೆ ಮಕ್ಕಳಿಗೆಂದು ಯಾರೇ ಬರಲಿ, ಮಾತಿಲ್ಲ, ತುಂಡನ್ನು ಅವರ ಕೈಗಿಡುವುದು. ಕೇಳಿದರೆ "ನಾನು ಕೊಯ್ದಿದ್ದು" ಎನ್ನುತ್ತಿದ್ದರು. ಅಳತೆ ಯಾರದೆಂದು ಸಾಯುವವರೆಗೂ ಬಾಯಿಬಿಡಲಿಲ್ಲ. ಗುಬ್ಬಿಗೂ ಗೊತ್ತಿರುವುದು ಅಷ್ಟೇ: ಅಜ್ಜ ಕೊಯ್ದ ಕೋವಿ, ಒಬ್ಬಳು ಹುಡುಗಿ ಸತ್ತಳು.

ಬರುವ ಭಾನುವಾರ ಪುರಭವನದಲ್ಲಿ ಸಭೆಯಿದೆ. ಮನೆಯಲ್ಲಿ ಕೋವಿ ಇರಬೇಕೇ, ಇದ್ದರೆ ಬೀಗ ಕಡ್ಡಾಯವೇ, ಯಾವ ವಯಸ್ಸಿಗೆ ಮುಟ್ಟಬಹುದು ಎಂದು ಊರೇ ಎರಡಾಗಿದೆ. ಕೋವಿ ನಮ್ಮ ಹಕ್ಕು ಎನ್ನುವವರು ಬಂದು, "ಕಾನೂನು ಬಂದ್ರೆ ನಿಮ್ಮ ಹೊಟ್ಟೆ ಮೇಲೇ ಹೊಡೆತ" ಎಂದರು. ಕೋವಿಯೇ ಬೇಡ ಎನ್ನುವವರು ಬಂದು, "ಈ ಕೆಲಸ ಮಾಡೋ ನೀವೇ ಬೇಡ ಅಂದ್ರೆ ಮಾತಿಗೆ ತೂಕ" ಎಂದರು.

"ಇಬ್ರೂ ಚಹಾ ಕುಡಿದು, ಲೋಟ ಚೆನ್ನಾಗಿದೆ ಅಂದು ಹೋದ್ರು" ಎಂದು ನಿನ್ನೆ, ಗುಬ್ಬಿ ಶಾಲೆಯಲ್ಲಿದ್ದಾಗ, ಅಕ್ಕ ನಕ್ಕಿದ್ದರು. "ತೋಟದವರ ಕಷ್ಟ ಸುಳ್ಳಲ್ಲ. ಆ ಖಾಲಿ ಜಾಗಾನೂ ಸುಳ್ಳಲ್ಲ. ನಂದು ದೊಡ್ಡ ಆಸೆ ಏನಿಲ್ಲ. ಕೋವಿ ದೊಡ್ಡವರ ತೋಳಿನ ಅಳತೇಲೇ ಇರಲಿ, ಬೀಗದೊಳಗಿರಲಿ. ಇಷ್ಟು ಹೇಳ್ತೀನಿ. ಅಳತೆ ಹಾಕಿದ್ದು ನಾನೇ ಅಂತಾನೂ ಹೇಳ್ತೀನಿ."

ಸಭೆಯ ಭಯ ಅವರಿಗಿಲ್ಲ. ಅಷ್ಟು ಜನರ ನಡುವೆ ಮಗಳು ಅದನ್ನು ಮೊದಲ ಸಲ ಕೇಳಬಾರದು, ಅದೊಂದೇ ಚಿಂತೆ. "ಜಡೆ ಹಾಕೋವಾಗ ಹೇಳೋಣ ಅಂತ. ಆಗ ಅವಳ ಮುಖ ಆ ಕಡೆ ಇರುತ್ತಲ್ಲ. ನಾಲ್ಕು ದಿನ ಆಯ್ತು, ಬರೀ ಜಡೆ ಹಾಕ್ತಿದೀನಿ."

ಈ ಬೆಳಗ್ಗೆ ಯಜಮಾನರು ಮೆಟ್ಟಿಲ ಮೇಲೆ ಬಿಟ್ಟುಹೋದ ತುಂಡು ಈಗ ಗುಬ್ಬಿಯ ಕೈಯಲ್ಲಿದೆ. ಅಕ್ಕ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಮರೆಯುವ ಮುನ್ನ ಎಂದು, ಕುಂಟುವ ಸ್ಟೂಲಿನ ಕಾಲಿಗೆ ಗೆರೆ ಎಳೆದು ಕತ್ತರಿ ಗುರುತು ಹಾಕುತ್ತಾರೆ, ನಡುವೆ ಚುಕ್ಕೆ. ಮತ್ತೆ ಮಗಳ ಹಿಂದೆ ಕುಳಿತು ಮೂರು ಎಳೆಗಳನ್ನು ತೆಗೆದುಕೊಳ್ಳುತ್ತಾರೆ.

ಗುಬ್ಬಿ ತುಂಡನ್ನು ಬೆಳಕಿಗೆ ಹಿಡಿಯುತ್ತಾಳೆ. ಹೆಬ್ಬೆರಳಿಂದ ಉಜ್ಜಿದಾಗ ಕರಿಯಡಿ ಮಾಸಿದ ಕತ್ತರಿ ಗುರುತು ಕಾಣುತ್ತದೆ. ಸ್ಟೂಲಿನ ಕಾಲು ನೋಡುತ್ತಾಳೆ, ಮತ್ತೆ ತುಂಡು ನೋಡುತ್ತಾಳೆ. ಅಕ್ಕನ ಬೆರಳುಗಳು ನಿಂತಿವೆ. ಕೂದಲು ಕೈಯಲ್ಲಿರುವಂತೆಯೇ ಮಗಳು ಪೂರ್ತಿ ಈ ಕಡೆ ತಿರುಗುತ್ತಾಳೆ, ಅರ್ಧ ಜಡೆ ಬಿಚ್ಚಿಹೋಗುತ್ತದೆ.

"ಅಮ್ಮಾ, ಅಜ್ಜ ಚುಕ್ಕೆ ಇಡ್ತಿರಲಿಲ್ಲ ಅಲ್ವಾ? ಈ ಅಳತೆ ಹಾಕಿದ್ದು ನೀನಾ?"