ಎರಡನೇ ಭಾಗಕ್ಕೆ ಎತ್ತಿದ ಚೀಟಿ

ಆ ಕಾದಂಬರಿಯ ಎರಡನೇ ಭಾಗದ ಸಲುವಾಗಿ ನಾನೂ ನನ್ನ ಗೆಳತಿಯೂ ಮಾತು ಬಿಟ್ಟೆವು ಎಂದು ಬಳ್ಳಾರಿಯ ನಮ್ಮ ಕಾಲೇಜಿನ ಗುಂಪು ಇಂದಿಗೂ ಹೇಳುತ್ತದೆ. ನನಗೆ ಆ ಭಾಗ ಕಂಡರೆ ಆಗುತ್ತಿರಲಿಲ್ಲವಂತೆ, ಅವಳಿಗೆ ಅದೆಂದರೆ ಪ್ರಾಣವಂತೆ. ಎರಡೂ ಸುಳ್ಳು. ಮಾತನ್ನೂ ಬಿಟ್ಟಿಲ್ಲ. ಹಬ್ಬಕ್ಕೆ ಫೋನು ಮಾಡುತ್ತೇವೆ, ಊಟವಾಯಿತೇ ಎಂದು ಕೇಳಿ ಇಡುತ್ತೇವೆ. ನಿಂತುಹೋದದ್ದು ಜೊತೆಗೂಡಿ ಓದುವುದು.

ಅದು ಮೂರು ಭಾಗಗಳ ಫ್ಯಾಂಟಸಿ. ಇಬ್ಬರೂ ಸೇರಿ ಒಂದೇ ಪ್ರತಿ ಕೊಳ್ಳುತ್ತಿದ್ದೆವು. ಮೊದಲು ಅವಳು ಕುರುಗೋಡಿಗೆ ಒಯ್ದು ಓದುವುದು, ಆಮೇಲೆ ನಾನು ಸಿರುಗುಪ್ಪಕ್ಕೆ. ಮೊದಲ ಭಾಗದ ಕೊನೆಗೆ ರಾಜಕುಮಾರಿ ಹೊಳೆಗೆ ಹಾರಿದ್ದಳು. ಎರಡನೆಯದರಲ್ಲಿ ಅರ್ಧ ದಾಟಿದರೂ ಅವಳ ಸುದ್ದಿಯಿಲ್ಲ. ಜನ ನಡೆಯುತ್ತಾರೆ, ಉಪ್ಪಿನ ಬಯಲು ಮುಗಿಯುವುದಿಲ್ಲ, ಮಾಂತ್ರಿಕ ಮಂತ್ರ ಮರೆತು ಕೂತಿದ್ದಾನೆ. ನಡುವಿನ ಭಾಗ ಹಾಗೇ ಇರುತ್ತದೆ, ಸಹಿಸಿಕೊಳ್ಳಬೇಕು ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಮುಂದಿನದು ಚೆನ್ನಾಗಿರುತ್ತದೆ ಎಂಬ ಆಸೆ ಈ ಪುಸ್ತಕದ ಗುಣ ಹೇಗಾದೀತು?

ಆದರೆ ಅದರಲ್ಲೊಂದು ಅಧ್ಯಾಯವಿತ್ತು. ಶತ್ರುಸೈನ್ಯಗಳೆರಡರ ಅಡಿಗೆಯವರು ಸೌದೆ ಸಾಲದೆ ಒಂದೇ ಒಲೆಯ ಮೇಲೆ ಬೇಯಿಸುತ್ತಾರೆ. ಮಾಯೆಯಿಲ್ಲ, ಮಂತ್ರವಿಲ್ಲ. ಸುತ್ತ ಉಪ್ಪಿನ ಬಯಲು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಬ್ಬರನ್ನೊಬ್ಬರು ಬೈಯುತ್ತಾರೆ. ಅದನ್ನು ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದೆ.

ಮರುದಿನ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ಅವಳಿಗೆ ಹೇಳಿದೆ. "ಅದೊಂದು ಅಧ್ಯಾಯಕ್ಕ ಇಡೀ ಭಾಗ ಮಾಫ್ ಮಾಡಬೋದು. ಯುದ್ಧ ಮಾಡಾಕ ಬಂದೋರು ಸಾರಿನ ರುಚಿ ಸಲುವಾಗಿ ಜಗಳಾಡ್ತಾರ. ಅಲ್ಲೇ ಯುದ್ಧ ಸೋತು ಹೋತು ನೋಡು."

"ನೀ ಮಾಡು ಮಾಫು. ಅವರು ನಡದು ನಡದು ನನ್ನ ಕಾಲು ನೋಯಾಕತ್ತಿದ್ವು ಲೇ. ನಾ ಮಲಗಿಬಿಟ್ಟೆ."

ನಮ್ಮ ಚರ್ಚಾಕೂಟದಲ್ಲಿ ಪರ–ವಿರೋಧವನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ. ಬಂದ ಚೀಟಿ ಬದಲಿಸುವಂತಿಲ್ಲ. "ಸ್ವಂತ ಅಭಿಪ್ರಾಯ ಮನ್ಯಾಗ ಇಟ್ಟು ಬರ್ರಿ," ಎನ್ನುತ್ತಿದ್ದರು ಕೂಟ ನಡೆಸುವ ಮೇಷ್ಟ್ರು. ಆ ಸಲ ಚರ್ಚೆಗೆ ಬಂದದ್ದು ಇದೇ ಎರಡನೇ ಭಾಗ. ಅವಳಿಗೆ ಪರ ಬಂತು, ನನಗೆ ವಿರೋಧ.

ಅವಳು ಎದ್ದು ಅಡಿಗೆಯವರ ಅಧ್ಯಾಯವನ್ನೇ ಹಿಡಿದಳು. ಮಾತು ನಾನು ಹೇಳಿದ್ದೇ, ಬಹುತೇಕ ಹಾಗೇ. ಆದರೆ ಕೊನೆಗೆ ದನಿ ನಡುಗಿತು. ನನ್ನ ಸರದಿ ಬಂದಾಗ, "ಮೃಷ್ಟಾನ್ನಕ್ಕೆಂದು ಕರೆದು ಬರೀ ಒಗ್ಗರಣೆಯ ವಾಸನೆ ತೋರಿಸಿ ಕಳಿಸಿದ್ದಾರೆ," ಎಂದೆ. ಎಲ್ಲರೂ ನಕ್ಕರು. ಗೆದ್ದೆ. ನಿಯಮದ ಪ್ರಕಾರ ಯಾರದೂ ತಪ್ಪಿಲ್ಲ. ಈಗಲೂ ಅದನ್ನೇ ವಾದಿಸುತ್ತೇನೆ.

ಬಸ್ ಸ್ಟ್ಯಾಂಡಿನಲ್ಲಿ ಅವಳೆಂದಳು, "ಚಲೋ ಹೊಡದಿ. ಹೊಡದದ್ದು ನಿನ್ನ ಮಾತಿಗೇ ಬಿಡು, ನಂದೇನು ಹೋತು."

ಆಮೇಲೆ ನಾನು ಕೊಟ್ಟ ಪುಸ್ತಕಗಳು ಓದದೆಯೇ ಮರಳತೊಡಗಿದವು. "ನಿನ್ನ ಜೋಡಿ ಓದಾಕ ಕುಂತ್ರ ಪರೀಕ್ಷಿಗೆ ಕುಂತಂಗ ಆಗ್ತೈತಿ. ಸಾಕಾಗೇತವ್ವ."

ಸಾಕಾದದ್ದು ನನಗೂ. ಏನು ಓದಿದರೂ ತಲೆಯಲ್ಲಿ ತಾವಾಗಿಯೇ ಎರಡು ಕಡೆಯ ಅಂಶಗಳು ಸಾಲುಗಟ್ಟುತ್ತವೆ. ಓದಿದ ಸುಖ ಯಾವ ಕಡೆಯದೆಂದು ತಿಳಿಯುವುದಿಲ್ಲ. ಎರಡನೇ ಭಾಗ ನನಗೆ ಬೇಸರ ತರಿಸಿತು, ಹಿಡಿಸಿತು ಕೂಡ. ಇದನ್ನು ವಾದವಾಗಿಸದೆ ನಾನು ಹೇಳಿಕೊಳ್ಳಬಹುದಾದದ್ದು ಅವಳೊಬ್ಬಳಿಗೇ.

ಮೂರನೇ ಭಾಗ ಬಂದಾಗ ಅದನ್ನು ಹಿಡಿದು ಕುರುಗೋಡಿನ ಬಸ್ಸು ಹತ್ತಿದೆ. ಅವಳೀಗ ಅಲ್ಲಿಯೇ ಸಾಲಿ ಟೀಚರು.

"ಬಾರವ್ವ, ಏನ್ ಬಿಸಲಾಗ ಬಂದಿ," ಎಂದು ಅವಳ ಅವ್ವ ನೀರು ಕೊಟ್ಟರು. ಪುಸ್ತಕ ಮುಂದಿಟ್ಟೆ. ಗೆಳತಿ ಕೈಯಲ್ಲಿ ತೂಗಿ ನೋಡಿದಳು, ತೆರೆಯಲಿಲ್ಲ.

"ಎಷ್ಟ್ ದಪ್ಪ ಐತಿ ಲೇ. ಇದ್ರಾಗೂ ನಡೀತಾರೇನು?"

"ಗೊತ್ತಿಲ್ಲ. ನೀ ಮದ್ಲು ಓದು ಅಂತ ನಾ ತೆರದಿಲ್ಲ."

ಅವಳು ಬೆರಳಿನಿಂದ ಮುಖಪುಟಕ್ಕೆ ಹತ್ತಿದ ಬಸ್ಸಿನ ಧೂಳು ಒರೆಸುತ್ತ ಕೂತಳು.

"ಅವತ್ತು ಅಡಿಗಿಯವರ ಬಗ್ಗೆ ಮಾತಾಡುವಾಗ ನಿನ್ನ ದನಿ ನಡುಗಿತ್ತಲ್ಲ," ಎಂದೆ. "ಆ ಅಧ್ಯಾಯ ನಿನಗೂ ಸೇರಿತ್ತೇನು, ಇಲ್ಲಾ ಗೆಲ್ಲಾಕ ಅಂತ ನಡುಗಿಸಿದ್ದೇನು?"