ಸಗ್ಡನ್ ವಿರುದ್ಧ ಸಗ್ಡನ್

ಹೆಡ್ಲಿ ಸಗ್ಡನ್ ಥಾರ್ನ್‌ಬೆಕ್ ವಿಶ್ವವಿದ್ಯಾಲಯದ ಕುಲಪತಿಯಾದ ಮೊದಲ ವಾರವೇ ಗ್ರಂಥಾಲಯದ ಸೂರು ಸೋರುವ ವಿಷಯ ಮೇಜಿನ ಮೇಲೆ ಬಂತು. ಸೋರುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೂ ಉಪಸಮಿತಿಯೊಂದು ರಚನೆಯಾಯಿತು. ಎಂಟು ವರ್ಷವಾದರೂ ಅದು ವರದಿ ಕೊಟ್ಟಿಲ್ಲ. ಸೂರಿನ ಕೆಳಗೆ ಬಕೆಟ್ಟುಗಳು ಮಾತ್ರ ಹೆಚ್ಚಾಗಿವೆ.

ಮೊದಲು ವಕೀಲನಾಗಿದ್ದಾಗ ಕೋರ್ಟಿನಲ್ಲಿ ಹೀಗಿರಲಿಲ್ಲ. ಗೆಲುವೋ ಸೋಲೋ, ಏನೋ ಒಂದು ಆಗಿ, ಸಂಜೆಯ ರೈಲಿಗೆ ಮನೆಗೆ ಬಂದು ಕರಿದ ಮೀನು ತಿನ್ನಬಹುದಿತ್ತು. ವಿಶ್ವವಿದ್ಯಾಲಯದಲ್ಲಿ ಏನೂ ಆಗದಿರುವುದನ್ನೇ ಆಡಳಿತ ಎನ್ನುತ್ತಾರೆಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಸಗ್ಡನ್ ಇದೇ ಊರಿನವನು. ಹಗಲು ಗಿರಣಿಯಲ್ಲಿ ಉಣ್ಣೆ ವಿಂಗಡಿಸಿ, ಮೈತುಂಬ ಕುರಿಯ ವಾಸನೆ ಹೊತ್ತು, ಇದೇ ವಿಶ್ವವಿದ್ಯಾಲಯದ ಸಂಜೆ ತರಗತಿಯಲ್ಲಿ ಕಾನೂನು ಓದಿದವನು. ಅವನ ಪಕ್ಕದ ಜಾಗ ಯಾವಾಗಲೂ ಖಾಲಿ. ಆಮೇಲೆ ಲಂಡನ್ನಿನ ವಕೀಲರ ಸಂಘದಲ್ಲಿ ಪರೀಕ್ಷೆ ಮುಗಿಸಿ, ಇಷ್ಟು ಔತಣ ಉಣ್ಣಲೇಬೇಕೆಂಬ ಅಲ್ಲಿನ ನಿಯಮದಂತೆ ಅವನ್ನೂ ಉಂಡು ಮುಗಿಸಿ ಬ್ಯಾರಿಸ್ಟರ್ ಆದ. ಊಟದಲ್ಲಿ ಮಾತ್ರ ತಾನು ಮೊದಲ ದರ್ಜೆ ಎಂದು ಹೇಳಿಕೊಳ್ಳುತ್ತಿದ್ದ.

ಅವನ ಗುಮಾಸ್ತ ಟಿಮ್ಸ್. ಹೆಸರಿಗೆ ಸಗ್ಡನ್ ಯಜಮಾನ. ಯಾವ ಕೇಸು ಹಿಡಿಯಬೇಕು, ಯಾವ ರೈಲು ಹತ್ತಬೇಕು ಎನ್ನುವುದೆಲ್ಲ ಟಿಮ್ಸನ ಅಪ್ಪಣೆ. ಸಗ್ಡನ್ ವಕೀಲಿ ಬಿಟ್ಟು ಹೊರಟ ದಿನ ಟಿಮ್ಸ್ ಹೇಳಿದ್ದು ಇಷ್ಟೇ: "ಹೋಗ್ಬನ್ನಿ ಸರ್. ಕೋರ್ಟ್ ವಿಗ್ಗಿನ ಡಬ್ಬೀಲಿ ನುಸಿಗುಳಿಗೆ ಹಾಕಿಟ್ಟಿರ್ತೀನಿ. ಬಂದೇ ಬರ್ತೀರಲ್ಲ."

ಈಗ ಸರ್ಕಾರ ಅನುದಾನ ಕತ್ತರಿಸಿತ್ತು. ಸಂಜೆ ತರಗತಿಯನ್ನು ಮುಚ್ಚುವ ವಿಷಯ ಆಡಳಿತ ಮಂಡಳಿಯ ಮುಂದೆ ಬಂತು. ಈ ಕುರ್ಚಿಯಲ್ಲಿ ಕೂತದ್ದಕ್ಕೆ ಅದೊಂದನ್ನಾದರೂ ಉಳಿಸಬೇಕೆಂದು ಸಗ್ಡನ್ ಹಟ ಹಿಡಿದ. ಸಭೆಯಲ್ಲಿ ಎದ್ದು ಮನಮುಟ್ಟುವಂತೆ ಮಾತಾಡಿದ. ಮುಚ್ಚಬೇಕೆಂದು ವಾದಿಸಬೇಕಿದ್ದ ಖಜಾಂಚಿ ಗುಡ್ಡದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿದ್ದ.

ಮಂಡಳಿಯ ಅಧ್ಯಕ್ಷ, ಉಣ್ಣೆ ವ್ಯಾಪಾರಿ ಹೋಲ್‌ರಾಯ್ಡ್ ಸುತ್ತ ನೋಡಿದ. "ವಿರೋಧ ಹೇಳೋರು ಯಾರೂ ಇಲ್ವಲ್ಲ? ಹಾಗಾದ್ರೆ ತರಗತಿ ಉಳೀತು. ಚಹಾ ತರಿಸೋಣ."

ಸುಮ್ಮನಿದ್ದಿದ್ದರೆ ಆಗಿತ್ತು. ನಾವು ನೀವಾದರೆ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿರುತ್ತಿದ್ದೆವು. ಆದರೆ ಎದುರು ಪಕ್ಷದ ಕುರ್ಚಿ ಖಾಲಿಯಿರುವಾಗ ತೀರ್ಪು ಪಡೆಯುವುದು ಸಗ್ಡನ್ನಿಗೆ ಕದ್ದ ಹಾಗೆ ಅನಿಸಿತು.

"ಒಂದೇ ಕಡೆ ಮಾತು ಕೇಳಿ ತೀರ್ಮಾನ ಮಾಡೋದು ಸರಿಯಲ್ಲ ಅಧ್ಯಕ್ಷರೇ. ಖಜಾಂಚಿಗಳು ಬಂದಿದ್ರೆ ಏನು ಹೇಳ್ತಿದ್ರು ಅಂತ ಎರಡು ಮಾತಲ್ಲಿ ಹೇಳ್ಬಿಡ್ತೀನಿ."

ಎರಡು ಮಾತು ಅರ್ಧ ಗಂಟೆಯಾಯಿತು. ಖಜಾಂಚಿಗೆ ಹೊಳೆಯಲಾರದ್ದೂ ಸಗ್ಡನ್ನಿಗೆ ಹೊಳೆಯಿತು. ಅವನು ಕೂತಾಗ ಕೈಗಳು ಮೇಲೆದ್ದವು: ತರಗತಿ ಮುಚ್ಚತಕ್ಕದ್ದು. ವಿಷಯವೊಂದನ್ನು ಅದು ಬಂದ ದಿನವೇ ಮಂಡಳಿ ತೀರ್ಮಾನಿಸಿದ್ದು ಎಂಟು ವರ್ಷದಲ್ಲಿ ಅದೇ ಮೊದಲು.

"ಮುಚ್ತಾರಂತೆ," ಎಂದ ಮನೆಯಲ್ಲಿ.

"ಯಾರಪ್ಪ ಅಂಥಾ ವಾದ ಮಾಡಿದ ಪುಣ್ಯಾತ್ಮ?" ಎಂದಳು ಹೆಂಡತಿ ಎನಿಡ್.

"ನಾನು."

ಎನಿಡ್ ಸೌಟು ಕೆಳಗಿಟ್ಟಳು. "ಆ ಹೋಲ್‌ರಾಯ್ಡ್ ಚಹಾನಾದ್ರೂ ಬೇಗ ತರಿಸ್ಬಾರ್ದಿತ್ತೇ! ನಿನ್ನ ಬಾಯಲ್ಲಿ ಏನಾದ್ರೂ ಇದ್ದಿರೋದು."

ತೀರ್ಮಾನದ ವಿರುದ್ಧ ಮುಂದಿನ ಸಭೆಯಲ್ಲಿ ವಕೀಲರ ಮೂಲಕ ಅಹವಾಲು ಹೇಳಲು ವಿದ್ಯಾರ್ಥಿಗಳಿಗೆ ಅವಕಾಶವಿತ್ತು. ಸಂಜೆ ತರಗತಿಯ ಡೋರೀನ್, ಹಗಲು ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಅವನ ಕೋಣೆಗೆ ಬಂದಳು.

"ಸರ್, ನಮ್ಮ ಪರವಾಗಿ ನೀವೇ ನಿಲ್ಬೇಕು."

"ನಾನು ಕುಲಪತಿ ಕಣಮ್ಮ. ಅದೂ ಅಲ್ದೆ..."

"ಗೊತ್ತು ಸರ್, ಊರಿಗೆಲ್ಲ ಗೊತ್ತು. ಅಷ್ಟು ಚೆನ್ನಾಗಿ ಹಾಳು ಮಾಡೋರು ಸರಿ ಮಾಡೋಕೂ ಬಲ್ಲರು ಅಂತಾನೇ ಬಂದೆ. ಬ್ಯಾರಿಸ್ಟರು ಬಾಡಿಗೆ ಟ್ಯಾಕ್ಸಿ ಥರ, ಕೈ ಮಾಡಿದೋರ್ನ ಬಿಟ್ಟು ಹೋಗೋ ಹಾಗಿಲ್ಲ ಅಂತ ಪಾಠದಲ್ಲಿ ಬಂತಲ್ಲ?"

"ಟ್ಯಾಕ್ಸಿ ಖಾಲಿ ಇದ್ರೆ ಮಾತ್ರ. ಒಳಗೆ ಕುಲಪತಿ ಕೂತಿದ್ದಾನೆ."

"ಇಳಿಸಿ ಸರ್," ಎಂದಳು ಡೋರೀನ್. "ನಾನು ದಿನಾ ಎಷ್ಟು ಜನಾನ ಇಳಿಸ್ತೀನಿ."

ಸಗ್ಡನ್ ಎರಡು ದಿನ ಗೊಣಗಿ, ರಾಜೀನಾಮೆ ಬರೆದು, ಟಿಮ್ಸನಿಗೆ ಫೋನು ಮಾಡಿದ.

"ನುಸಿಗುಳಿಗೆ ಈಗ್ತಾನೇ ಬದಲಾಯಿಸ್ದೆ ಸರ್. ಎದುರು ಪಕ್ಷದಲ್ಲಿ ಯಾರು?"

"ನಾನೇ."

"ಅಯ್ಯೋ. ಹಾಗಾದ್ರೆ ರಾಜಿ ಮಾಡ್ಕೊಳ್ಳಿ. ಆ ಮನುಷ್ಯ ಜಗ್ಗೋನಲ್ಲ."

ಟಿಮ್ಸ್ ಸುಳ್ಳು ಹೇಳುವವನಲ್ಲ. ತನ್ನದೇ ವಾದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ಸಗ್ಡನ್ನಿಗೆ ಅದರಲ್ಲಿ ಬಿರುಕು ಸಿಗಲಿಲ್ಲ. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ನಾಚಿಕೆಯಾಗುವಂಥ ಹೆಮ್ಮೆ. ಕೊನೆಗೆ ಬಿರುಕು ಹುಡುಕುವುದನ್ನು ಬಿಟ್ಟು, ಸಭೆಯಲ್ಲಿ ಉಣ್ಣೆ ಗಿರಣಿಯ ಕಥೆ, ಪಕ್ಕದ ಖಾಲಿ ಜಾಗದ ಕಥೆ ಹೇಳಿದ. ಇಬ್ಬರು ಮೂಗೊರೆಸಿಕೊಂಡರು. ಹಿಮ ಕರಗಿ ಬಂದಿದ್ದ ಖಜಾಂಚಿ, ಹೋದ ಸಲ ಸಗ್ಡನ್ ಹೇಳಿದ್ದೇ ತನ್ನ ವಾದವೆಂದು ಹೇಳಿ ಕೂತ.

ಹೋಲ್‌ರಾಯ್ಡ್ ತಲೆ ಕೆರೆದುಕೊಂಡ. "ಹೋದ ಸಲ ಸಗ್ಡನ್ ಹೇಳಿದ್ದೂ ಸರಿ ಅನ್ನಿಸ್ತು, ಈಗ ಹೇಳಿದ್ದೂ ಸರಿ ಅನ್ನಿಸ್ತಿದೆ. ಉಪಸಮಿತಿ ಮಾಡೋಣ. ವರದಿ ಬರೋವರ್ಗೂ ತರಗತಿ ನಡೀಲಿ."

ಸಗ್ಡನ್ ಧಡಕ್ಕನೆ ಎದ್ದ. "ಅಧ್ಯಕ್ಷರೇ, ಹೌದು ಅನ್ನಿ, ಇಲ್ಲ ಅನ್ನಿ, ಆದ್ರೆ ದಯವಿಟ್ಟು ಏನಾದ್ರೂ..."

ಹಿಂದಿನಿಂದ ಡೋರೀನ್ ಅವನ ಕೋಟು ಹಿಡಿದು ಜಗ್ಗಿದಳು. "ಕೂತ್ಕೊಳ್ಳಿ ಸರ್! ದಮ್ಮಯ್ಯ, ಈ ಸಲನಾದ್ರೂ ಬಾಯ್ಮುಚ್ಕೊಂಡು ಕೂತ್ಕೊಳ್ಳಿ."

ಅವನು ಕೂತ. ಚಹಾ ಬಂತು.

"ಗೆದ್ಯಾ?" ಎಂದಳು ಎನಿಡ್ ಬಾಗಿಲಲ್ಲೇ.

"ಇಲ್ಲ."

"ಸೋತ್ಯಾ?"

"ಅದೂ ಇಲ್ಲ. ಉಪಸಮಿತಿ."

"ಯಾರ್ಯಾರು?"

"ಗ್ರಂಥಾಲಯದ ಸೂರಿನವರೇ."

ಎನಿಡ್ ನಕ್ಕುಬಿಟ್ಟಳು. "ಹಾಗಿದ್ರೆ ಬಿಡು, ಡೋರೀನಳ ಮೊಮ್ಮಕ್ಕಳೂ ಅಲ್ಲೇ ಓದ್ತಾರೆ."

ಅದು ನಿಜವೆಂದು ಸಗ್ಡನ್ನಿಗೂ ಗೊತ್ತಿತ್ತು. ಆದರೂ ಟೈ ಕಿತ್ತು ಕುರ್ಚಿಯ ಮೇಲೆಸೆದ. "ಒಂದೇ ಒಂದು ತೀರ್ಪು, ಎನಿಡ್. ಇದ್ದ ಕೆಲಸ ಬಿಟ್ಟು ಕೇಳಿದೆ. ಒಂದು ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?"